ಹನುಕ್ಕಾ ಅಂದ್ರೆ ‘ಯಹೂದಿಗಳ ಕ್ರಿಸ್‌ಮಸ್’ ಅಲ್ಲ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಶುರು ಮಾಡೋ ಮುಂಚೆ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕಳೆದ ಡಿಸೆಂಬರ್‌ನಲ್ಲಿ ಹಬ್ಬಗಳ ಬಗ್ಗೆ ಮಾತಾಡ್ತಾ, ಹನುಕ್ಕಾ ಅಂದ್ರೆ ‘ಯಹೂದಿಗಳ ಕ್ರಿಸ್‌ಮಸ್’ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟಿದ್ದೆ. ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು: ‘ಯುಗಾದೀನ ಯಾರಾದ್ರೂ ಹಿಂದೂಗಳ ನ್ಯೂ ಇಯರ್ ಪಾರ್ಟಿ ಅಂದ್ರೆ ನಿಮಗೆ ಹೇಗನ್ಸುತ್ತೆ?’ ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿದೆ. ಓದಿದ್ದನ್ನ ಇವತ್ತು ಹೇಳ್ತೀನಿ.

ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣೋದು ನಿಜ. ಎರಡೂ ಚಳಿಗಾಲದ ಹಬ್ಬ. ಎರಡರಲ್ಲೂ ದೀಪ ಇದೆ, ಉಡುಗೊರೆ ಇದೆ, ಸಿಹಿ ಇದೆ. ಆದರೆ ದೀಪ ಯಾಕೆ ಹಚ್ತಾರೆ ಅಂತ ಕೇಳಿದ ತಕ್ಷಣ ದಾರಿ ಬೇರೆಯಾಗುತ್ತೆ.

ಮೊದಲು ಹನುಕ್ಕಾ. ಹೀಬ್ರೂ ಭಾಷೆಯ ಈ ಪದಕ್ಕೆ ‘ಪ್ರತಿಷ್ಠಾಪನೆ’ ಅಂತ ಅರ್ಥ. ಕ್ರಿ.ಪೂ. 2ನೇ ಶತಮಾನದಲ್ಲಿ ಜೆರುಸಲೇಮ್ ಪಟ್ಟಣ, ಸಿರಿಯಾ ಕಡೆಯಿಂದ ಆಳುತ್ತಿದ್ದ ಗ್ರೀಕ್ ಸಂಸ್ಕೃತಿಯ ಸೆಲ್ಯೂಸಿಡ್ ರಾಜರ ಕೈಯಲ್ಲಿತ್ತು. ಅವರಲ್ಲೊಬ್ಬ ನಾಲ್ಕನೇ ಆಂಟಿಯೋಕಸ್. ಅವನು ಯಹೂದಿಗಳ ಸಬ್ಬತ್ ಆಚರಣೆ, ಗಂಡುಮಕ್ಕಳ ಸುನ್ನತಿ, ಧರ್ಮಗ್ರಂಥ ಇಟ್ಟುಕೊಳ್ಳೋದು ಎಲ್ಲವನ್ನೂ ನಿಷೇಧಿಸಿದ. ಕ್ರಿ.ಪೂ. 167ರಲ್ಲಿ ಅವರ ದೇವಾಲಯದಲ್ಲೇ ಬೇರೆ ದೇವರ ಪೂಜೆ ನಡೆಯೋ ಹಾಗೆ ಮಾಡಿದ. ಆಗ ಒಂದು ಪುರೋಹಿತ ಕುಟುಂಬ ದಂಗೆ ಎದ್ದಿತು. ಅವರೇ ಮಕ್ಕಬಿಯರು. ಕ್ರಿ.ಪೂ. 164ರಲ್ಲಿ ಅವರು ದೇವಾಲಯವನ್ನು ಗೆದ್ದು, ಶುದ್ಧ ಮಾಡಿ, ಎಂಟು ದಿನ ಹಬ್ಬ ಮಾಡಿದರು.

ಅಂದ್ರೆ ಇದು ಹುಟ್ಟಿದ ಹಬ್ಬ ಅಲ್ಲ, ಉಳಿದುಕೊಂಡ ಹಬ್ಬ. ‘ನಮ್ಮ ಥರ ಆಗಿಬಿಡಿ’ ಅಂತ ದೊಡ್ಡ ಸಾಮ್ರಾಜ್ಯವೊಂದು ಒತ್ತಾಯ ಮಾಡಿದಾಗ ‘ಆಗಲ್ಲ’ ಅಂದವರ ನೆನಪು.

ಹಾಗಾದ್ರೆ ದೀಪದ ಕಥೆ ಎಲ್ಲಿಂದ ಬಂತು? ಇಲ್ಲಿ ನನಗೆ ಆಶ್ಚರ್ಯ ಆಯ್ತು. ಆ ಯುದ್ಧದ ವಿವರ ಇರೋ ಮಕ್ಕಬಿಯರ ಮೊದಲ ಗ್ರಂಥದಲ್ಲಿ ಎಣ್ಣೆಯ ಪವಾಡವೇ ಇಲ್ಲ. ಒಂದು ದಿನಕ್ಕೆ ಸಾಕಾಗೋಷ್ಟು ಶುದ್ಧ ಎಣ್ಣೆ ಎಂಟು ದಿನ ಉರಿಯಿತು ಅನ್ನೋ ಕಥೆ ಬರೋದು ಎಷ್ಟೋ ಶತಮಾನಗಳ ನಂತರ, ತಾಲ್ಮುಡ್‌ನಲ್ಲಿ. ಇನ್ನೊಂದು ವಿಚಿತ್ರ ನೋಡಿ: ಮಕ್ಕಬಿಯರ ಗ್ರಂಥಗಳು ಯಹೂದಿಗಳ ಬೈಬಲ್‌ನಲ್ಲಿ ಇಲ್ಲ, ಕ್ಯಾಥೊಲಿಕರ ಬೈಬಲ್‌ನಲ್ಲಿ ಇವೆ! ‘ಹನುಕ್ಕಾ ಅಂದ್ರೇನು’ ಅಂತ ಕೇಳಿಕೊಂಡ ತಾಲ್ಮುಡ್‌ನ ಪಂಡಿತರು ಮುಂದಿಟ್ಟಿದ್ದು ಕತ್ತಿಯನ್ನಲ್ಲ, ಎಣ್ಣೆಯ ಪಾತ್ರೆಯನ್ನ. ಇದು ಯುದ್ಧ ಗೆದ್ದ ಹಬ್ಬವೋ, ದೀಪ ಆರದೆ ಉಳಿದ ಹಬ್ಬವೋ ಅನ್ನೋ ಚರ್ಚೆ ಯಹೂದಿಗಳ ನಡುವೆ ಇವತ್ತಿಗೂ ಮುಗಿದಿಲ್ಲ.

ದೀಪ ಹಚ್ಚೋದಕ್ಕೆ ನಿಯಮಗಳಿವೆ. ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಎಂಟನೇ ದಿನ ಎಂಟು. ಈ ದೀಪಗಳ ಬೆಳಕನ್ನ ಯಾವ ಕೆಲಸಕ್ಕೂ ಬಳಸೋ ಹಾಗಿಲ್ಲ. ಅದರಲ್ಲಿ ಓದೋ ಹಾಗಿಲ್ಲ, ಅಡುಗೆ ಮಾಡೋ ಹಾಗಿಲ್ಲ. ಸುಮ್ಮನೆ ನೋಡಬೇಕು ಅಷ್ಟೇ. ಅದಕ್ಕೇ ‘ಶಮಾಶ್’, ಅಂದ್ರೆ ಸೇವಕ ಅಂತ ಒಂದು ಒಂಬತ್ತನೇ ದೀಪ ಪಕ್ಕದಲ್ಲಿರುತ್ತೆ. ಉಳಿದವನ್ನು ಹಚ್ಚೋದು ಅದರಿಂದಲೇ. ದಿನಾ ಒಂದು ಶಮಾಶ್ ಸೇರಿಸಿ ಲೆಕ್ಕ ಹಾಕಿದ್ರೆ ಎಂಟು ದಿನಕ್ಕೆ 44 ಮೇಣದಬತ್ತಿ.

ಇನ್ನೊಂದು ನಿಯಮ ನನ್ನನ್ನ ತುಂಬಾ ಕಾಡಿತು. ದೀಪ ಇಡಬೇಕಾದ್ದು ಬಾಗಿಲ ಹತ್ರ ಅಥವಾ ಬೀದಿಗೆ ಕಾಣೋ ಕಿಟಕಿಯಲ್ಲಿ. ದಾರೀಲಿ ಹೋಗೋರಿಗೆ ಕಾಣಬೇಕು. ಆದರೆ ಅಪಾಯದ ಕಾಲ ಬಂದ್ರೆ ಮನೆಯೊಳಗೆ ಮೇಜಿನ ಮೇಲೆ ಇಟ್ಟರೂ ಸಾಕು ಅಂತ ತಾಲ್ಮುಡ್ ಆಗಲೇ ರಿಯಾಯಿತಿ ಕೊಟ್ಟಿದೆ. ಅಂದ್ರೆ ಪ್ರತಿ ವರ್ಷ ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ: ಈ ಸಲ ಕಿಟಕಿಯಾ, ಮೇಜಾ?

1931ರಲ್ಲಿ ಜರ್ಮನಿಯ ಕೀಲ್ ಪಟ್ಟಣದಲ್ಲಿ ತೆಗೆದ ಒಂದು ಫೋಟೊ ಇದೆ, ಹುಡುಕಿ ನೋಡಿ. ಅಲ್ಲಿನ ರಬ್ಬಿ ಅಕಿವಾ ಪೋಸ್ನರ್ ಅವರ ಪತ್ನಿ ರಾಖೆಲ್ ತೆಗೆದದ್ದು. ಕಿಟಕಿಯಲ್ಲಿ ಹನುಕ್ಕಾ ದೀಪಸ್ತಂಭ, ಬೀದಿಯಾಚೆ ಎದುರು ಕಟ್ಟಡದಲ್ಲಿ ನಾಜಿ ಬಾವುಟ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಆ ಕುಟುಂಬ ಜರ್ಮನಿ ಬಿಟ್ಟಿತು. ಅದೇ ದೀಪಸ್ತಂಭ 2022ರ ಹನುಕ್ಕಾಗೆ ಬರ್ಲಿನ್‌ಗೆ ಬಂತು, ಜರ್ಮನಿಯ ಅಧ್ಯಕ್ಷರ ನಿವಾಸದಲ್ಲಿ ಬೆಳಗಿತು. ಆ ಫೋಟೊ ನೋಡಿದ ಮೇಲೂ ‘ಯಹೂದಿಗಳ ಕ್ರಿಸ್‌ಮಸ್’ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಹಾಗಂತ ಇದು ಅವರ ಅತಿ ದೊಡ್ಡ ಹಬ್ಬವೂ ಅಲ್ಲ. ಯೋಮ್ ಕಿಪ್ಪುರ್, ಪಾಸ್ಕ ಹಬ್ಬಗಳ ಮುಂದೆ ಧಾರ್ಮಿಕವಾಗಿ ಚಿಕ್ಕದು. ಹಬ್ಬ ಅಂತ ಕೆಲಸಕ್ಕೆ ರಜೆ ಹಾಕಬೇಕು ಅನ್ನೋ ನಿಯಮವೂ ಇಲ್ಲ. 20ನೇ ಶತಮಾನದ ಅಮೆರಿಕದಲ್ಲಿ ಅಕ್ಕಪಕ್ಕದ ಮನೆಗಳ ಕ್ರಿಸ್‌ಮಸ್ ನೋಡಿ ಬೆಳೆದ ಮಕ್ಕಳಿಗಾಗಿ ಇದೂ ದೊಡ್ಡದಾಯಿತು, ಉಡುಗೊರೆಗಳು ಹೆಚ್ಚಾದವು. ಬೇರೆಯವರ ಥರ ಆಗಲ್ಲ ಅಂದವರ ಹಬ್ಬವೇ ಬೇರೆಯವರ ಹಬ್ಬದ ಥರ ಆಗೋದನ್ನ ಎಷ್ಟೋ ಯಹೂದಿಗಳೇ ನಗುತ್ತಾ ಹೇಳ್ಕೊಳ್ತಾರೆ.

ದಿನಾಂಕದ ಲೆಕ್ಕ ನಮಗೆ ಸುಲಭವಾಗಿ ಅರ್ಥ ಆಗುತ್ತೆ. ಅವರದ್ದೂ ಚಂದ್ರನ ತಿಂಗಳು, ನಮ್ಮ ಹಾಗೇ ಅಧಿಕ ಮಾಸವೂ ಇದೆ. ಕಿಸ್ಲೇವ್ ತಿಂಗಳ 25ಕ್ಕೆ ಶುರುವಾಗಿ ಅಮಾವಾಸ್ಯೆ ದಾಟಿ ಹೋಗುತ್ತೆ. ದೀಪಾವಳಿ ಥರ, ಚಂದ್ರ ಇಲ್ಲದ ರಾತ್ರಿಗಳ ದೀಪ. ಹಾಗಾಗಿ ಇಂಗ್ಲಿಷ್ ತಾರೀಖು ಪ್ರತಿ ವರ್ಷ ಬದಲಾಗುತ್ತೆ. 2024ರಲ್ಲಿ ಮೊದಲ ದೀಪ ಹಚ್ಚಿದ್ದು ಡಿಸೆಂಬರ್ 25ರ ಸಂಜೆ.

ಇನ್ನು ಕ್ರಿಸ್‌ಮಸ್‌ಗೆ ಬರೋಣ. ಎರಡನ್ನೂ ಸೇರಿಸೋ ಒಂದು ನಿಜವಾದ ಕೊಂಡಿ ಇದೆ. ಚಳಿಗಾಲದ ಪ್ರತಿಷ್ಠಾಪನೆಯ ಹಬ್ಬದಲ್ಲಿ ಯೇಸು ಜೆರುಸಲೇಮ್ ದೇವಾಲಯದಲ್ಲಿ ಓಡಾಡುತ್ತಿದ್ದದ್ದು ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ. ಆ ಹಬ್ಬವೇ ಹನುಕ್ಕಾ. ಯೇಸು ಯಹೂದಿ, ಅವರ ತಾಯಿ ಮರಿಯಳೂ ಯಹೂದಿ.

ಆದರೆ ಡಿಸೆಂಬರ್ 25 ಅನ್ನೋ ತಾರೀಖು ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಆ ದಿನ ಹಬ್ಬ ಆಚರಿಸಿದ್ದಕ್ಕೆ ಸಿಗೋ ಹಳೆಯ ದಾಖಲೆ ರೋಮ್‌ನದು, ಕ್ರಿ.ಶ. 336ರದ್ದು. ರಷ್ಯಾದ ಆರ್ಥೊಡಾಕ್ಸ್ ಚರ್ಚಿಗೆ ಕ್ರಿಸ್‌ಮಸ್ ಜನವರಿ 7. ಇನ್ನೂ ಒಂದು ವಿಷಯ: 1659ರಲ್ಲಿ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ ಕ್ರೈಸ್ತರು ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಹಾಕೋ ಕಾನೂನು ತಂದಿದ್ದರು! ಅದು ರದ್ದಾಗಿದ್ದು 1681ರಲ್ಲಿ.

ಹಾಗಾದ್ರೆ ಅರ್ಥ ತಾರೀಖಿನಲ್ಲಿಲ್ಲ. ಎಲ್ಲಿದೆ? ನಮ್ಮೂರುಗಳ ಚರ್ಚ್‌ನಲ್ಲಿ ನೀವು ನೋಡಿರೋ ಗೋದಲಿಯಲ್ಲಿ. ದನಗಳಿಗೆ ಮೇವು ಹಾಕೋ ಜಾಗದಲ್ಲಿ ಒಂದು ಹಸುಗೂಸು. ದೇವರು ಮನುಷ್ಯನಾದ ಅನ್ನೋದು ಕ್ರೈಸ್ತರ ನಂಬಿಕೆ. ನಾವು ಇದನ್ನ ಬೇಗ ಅವತಾರ ಅಂತ ಅರ್ಥ ಮಾಡ್ಕೊಳ್ತೀವಿ. ಆದರೆ ಅವರ ಪ್ರಕಾರ ಇದು ಇತಿಹಾಸದಲ್ಲಿ ಒಂದೇ ಒಂದು ಸಲ ನಡೆದದ್ದು. ಆ ಮಗು ಪೂರ್ತಿ ದೇವರು, ಪೂರ್ತಿ ಮನುಷ್ಯ. ಹಸಿವಾದ್ರೆ ಅಳುತ್ತೆ, ಚಳಿಯಾದ್ರೆ ನಡುಗುತ್ತೆ, ಯಾರಾದ್ರೂ ಎತ್ತಿಕೊಳ್ಳಲೇಬೇಕು. ಶಕ್ತಿವಂತ ದೇವರು ಇನ್ನೊಬ್ಬರ ಆಸರೆ ಬೇಕಾದ ಸ್ಥಿತಿಗೆ ಇಳಿದ ಅನ್ನೋದೇ ಹಬ್ಬದ ತಿರುಳು. ಅದಕ್ಕೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ, ಅಂದ್ರೆ ಕಾಯೋ ಕಾಲ. ಸೇಲ್ ಸೀಸನ್‌ನಲ್ಲಿ ಮೊದಲು ಕಳೆದುಹೋಗೋದು ಈ ಕಾಯುವಿಕೆಯೇ.

2023ರ ಡಿಸೆಂಬರ್. ಅಕ್ಟೋಬರ್‌ನಲ್ಲಿ ಹಮಾಸ್ ದಾಳಿಯಾಗಿ ಗಾಜಾದಲ್ಲಿ ಯುದ್ಧ ನಡೀತಿತ್ತು. ಯೇಸು ಹುಟ್ಟಿದ ಊರು ಅಂತ ನಂಬೋ ಬೆತ್ಲೆಹೇಮ್‌ನಲ್ಲಿ ದೊಡ್ಡ ಮರವಿಲ್ಲ, ದೀಪಾಲಂಕಾರವಿಲ್ಲ. ಅಲ್ಲಿನ ಲೂಥರನ್ ಚರ್ಚಿನವರು ಗೋದಲಿಯ ಬದಲು ಒಡೆದ ಕಾಂಕ್ರೀಟ್ ತುಂಡುಗಳ ರಾಶಿ ಹಾಕಿ, ಅದರ ಮಧ್ಯೆ ಬಾಲಯೇಸುವನ್ನು ಮಲಗಿಸಿದರು. ಸಂಭ್ರಮ ರದ್ದಾಗಿತ್ತು, ಪ್ರಾರ್ಥನೆ ನಡೀತು. ದೇವರು ಎಲ್ಲಿದ್ದಾನೆ ಅನ್ನೋ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಿಟಕಿಯ ದೀಪ ಹೇಳೋದು: ನಾವು ಇಲ್ಲೇ ಇದ್ದೀವಿ, ನಾವಾಗಿಯೇ ಇದ್ದೀವಿ. ಗೋದಲಿ ಹೇಳೋದು: ದೇವರು ನಿಮ್ಮ ಜೊತೆ ಇರೋಕೆ ಬಂದಿದ್ದಾನೆ, ನಿಮ್ಮಷ್ಟೇ ದುರ್ಬಲನಾಗಿ. ಒಂದು ಯಹೂದಿಗಳ ಮಾತು, ಇನ್ನೊಂದು ಕ್ರೈಸ್ತರ ಮಾತು. ಒಂದನ್ನ ಇನ್ನೊಂದರ ಹೆಸರಲ್ಲಿ ಕರೆದ್ರೆ ಎರಡೂ ಕೇಳಿಸಲ್ಲ.

ವಾಯ್ಸ್ ನೋಟ್ ಕಳಿಸಿದವರಿಗೆ ಥ್ಯಾಂಕ್ಸ್, ತಡವಾಗಿದ್ದಕ್ಕೆ ಸಾರಿ. ಈ ಡಿಸೆಂಬರ್‌ನಲ್ಲಿ ನಿಮಗೆ ಪರಿಚಯದ ಕ್ರೈಸ್ತ ಗೆಳೆಯರಿದ್ರೆ ಕೇಕ್ ಜೊತೆ ಒಂದು ಪ್ರಶ್ನೆಯನ್ನೂ ಕೇಳಿ: ನಿಮ್ಮನೇಲಿ ಗೋದಲಿ ಕಟ್ತೀರಾ, ಯಾಕೆ? ಅವರು ಹೇಳಿದ್ದನ್ನ ನಮಗೂ ರೆಕಾರ್ಡ್ ಮಾಡಿ ಕಳಿಸಿ.