ಚಳಿಗಾಲದ ಬಿಲ್ಲಿಗೊಂದು ಆಸರೆ

ಅಮೆರಿಕದ ಚಳಿಗಾಲದಲ್ಲಿ, ಮನೆಯನ್ನು ಬೆಚ್ಚಗಿರಿಸಲು ಹಣ ತೆತ್ತರೆ ಔಷಧಿಗಿಲ್ಲ, ಔಷಧಿ ಕೊಂಡರೆ ಬಿಲ್ಲಿಗಿಲ್ಲವೆಂಬ ಸಂಕಟಕ್ಕೆ ಸಿಲುಕಿದ ಅಲ್ಪಾದಾಯದ ಕುಟುಂಬಗಳಿಗಾಗಿ, 1981ರಲ್ಲಿ ಅಲ್ಲಿಯ ಸಂಸತ್ತು ‘ಲೈಹೀಪ್’ ಎಂಬ ಯೋಜನೆಯನ್ನು ಶಾಸನಬದ್ಧಗೊಳಿಸಿತು. ಕೇಂದ್ರವು ಕೊಡುವ ದ್ರವ್ಯವನ್ನು ಸಂಸ್ಥಾನಗಳು ತಂತಮ್ಮ ನಿಯಮಾನುಸಾರ ವಿನಿಯೋಗಿಸುತ್ತವೆ. ನೆರವು ಬಹುಮಟ್ಟಿಗೆ ಗ್ಯಾಸ್ ಅಥವಾ ವಿದ್ಯುತ್ ಕಂಪನಿಗೇ ನೇರವಾಗಿ ಸಂದಾಯವಾಗುತ್ತದೆ. ಸಂಪರ್ಕ ಕಡಿತದ ನೋಟೀಸು ಬಂದವರಿಗೆ ತುರ್ತು ನೆರವೂ ಉಂಟು.

ಆದರೆ, ಇದನ್ನು ಒತ್ತಿ ಹೇಳಬೇಕು, ಅರ್ಹರಾದ ಮಾತ್ರಕ್ಕೆ ಎಲ್ಲರಿಗೂ ಇದು ದೊರೆಯುವುದೆಂಬ ಭರವಸೆಯಿಲ್ಲ. ನಿಧಿ ತೀರಿದರೆ ಅರ್ಹರೂ ಬರಿಗೈಯಲ್ಲಿ ಹಿಂದಿರುಗಬೇಕು. ಇಂತಹ ಪ್ರಾಣಾವಶ್ಯಕ ವಿಷಯದಲ್ಲಿ ಇದು ದೊಡ್ಡ ಕೊರತೆಯೆಂದೇ ನನ್ನ ಮತ. ಅಲ್ಲಿ ನೆಲೆಸಿರುವ ಕನ್ನಡಿಗರೇ, ನಿಮ್ಮ ನೆರೆಯಲ್ಲಿ ಕಷ್ಟದಲ್ಲಿರುವ ವೃದ್ಧರಿದ್ದರೆ, ಚಳಿ ಬಲಿಯುವ ಮುನ್ನವೇ ಸಹಾಯವಾಣಿ 211ಕ್ಕೆ ಕರೆಮಾಡಿ ವಿಚಾರಿಸಿ, ಅರ್ಜಿ ತುಂಬಲು ನೆರವಾಗಿರಿ.