ಜಮೀನಿನ ಅಳತೆಯಲ್ಲಿ ಭುಜ, ಕೋಟಿ, ಕರ್ಣಗಳ ಉಪಯೋಗ

ಅಣ್ಣತಮ್ಮಂದಿರ ಭಾಗ, ಕ್ರಯ, ಬದುವಿನ ವ್ಯಾಜ್ಯ ಮುಂತಾದ ಸಂದರ್ಭಗಳಲ್ಲಿ ಗ್ರಾಮದ ಮುಖಂಡರ ಸಮಕ್ಷಮದಲ್ಲಿ ಜಮೀನನ್ನು ಹಗ್ಗದಿಂದಾಗಲಿ ಟೇಪಿನಿಂದಾಗಲಿ ಅಳೆಯುವುದುಂಟು. ಆಗ ಸಾಧಾರಣವಾಗಿ ಅನುಸರಿಸುವ ಕ್ರಮವೇನೆಂದರೆ, ಎದುರುಬದುರಾಗಿರುವ ಎರಡೆರಡು ಬದುಗಳ ಉದ್ದಗಳನ್ನು ಕೂಡಿಸಿ ಅರ್ಧಮಾಡಿ, ಹೀಗೆ ಬಂದ ಎರಡು ಸರಾಸರಿಗಳನ್ನು ಗುಣಿಸುವುದು. ಹೊಲದ ನಾಲ್ಕು ಮೂಲೆಗಳೂ ನೇರವಾದ ಚೌಕಮೂಲೆಗಳಾಗಿದ್ದಲ್ಲಿ ಮಾತ್ರ ಈ ಲೆಕ್ಕವು ಸರಿಯಾದುದು. ಮೂಲೆಗಳು ಓರೆಯಾಗಿದ್ದರೆ ಇದು ಯಾವಾಗಲೂ ನಿಜವಾದ ವಿಸ್ತೀರ್ಣಕ್ಕಿಂತ ಹೆಚ್ಚನ್ನೇ ತೋರಿಸುವುದಲ್ಲದೆ ಎಂದಿಗೂ ಕಡಮೆಯನ್ನು ತೋರಿಸುವುದಿಲ್ಲ. ಆದಕಾರಣ ಕೊಳ್ಳುವವನು ಇಲ್ಲದ ನೆಲಕ್ಕೆ ಹಣ ತೆರುವನು. ಓರೆಯಾದ ಭಾಗವನ್ನು ಪಡೆದ ಹಿಸ್ಸೆದಾರನು ನಷ್ಟಕ್ಕೆ ಗುರಿಯಾಗುವನು. ಈ ದೋಷವನ್ನು ನಿವಾರಿಸಲು ಬೇಕಾಗುವ ಗಣಿತವು ಬಹಳ ಸುಲಭವಾದುದು.

ಒಂದು ಮೂಲೆಯು ನೇರವಾಗಿರುವ ತ್ರಿಕೋಣದಲ್ಲಿ ಆ ಮೂಲೆಯನ್ನು ಕೂಡುವ ಎರಡು ಬದಿಗಳಿಗೆ ಭುಜ, ಕೋಟಿ ಎಂದೂ, ಅದರ ಎದುರಿಗಿರುವ ಓರೆಯ ಬದಿಗೆ ಕರ್ಣವೆಂದೂ ಹೆಸರು. ಭುಜದ ವರ್ಗವನ್ನೂ ಕೋಟಿಯ ವರ್ಗವನ್ನೂ ಕೂಡಿಸಿದರೆ ಕರ್ಣದ ವರ್ಗವಾಗುವುದು. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದು ವರ್ಗ. ಭುಜ 3, ಕೋಟಿ 4 ಆದರೆ ವರ್ಗಗಳು 9 ಮತ್ತು 16, ಕೂಡಿದರೆ 25, ಆದುದರಿಂದ ಕರ್ಣ 5. ಪಾಶ್ಚಾತ್ಯರು ಇದನ್ನು ಗ್ರೀಸ್ ದೇಶದ ಪೈಥಾಗೊರಸನ ಹೆಸರಿನಿಂದ ಕರೆಯುವರು. ಯಜ್ಞವೇದಿಕೆಗಳನ್ನು ಹಗ್ಗದಿಂದ ಅಳೆದು ಕಟ್ಟುವ ಕ್ರಮವನ್ನು ತಿಳಿಸುವ ಬೌಧಾಯನ ಶುಲ್ಬಸೂತ್ರದಲ್ಲಿಯೂ ಈ ತತ್ತ್ವವು ಸ್ಪಷ್ಟವಾಗಿ ಹೇಳಲ್ಪಟ್ಟಿದೆ. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ ಲೀಲಾವತಿಯಲ್ಲಿ ಇದರ ಲೆಕ್ಕಗಳು ಅನೇಕವಾಗಿವೆ. ಕನ್ನಡದಲ್ಲಿಯೂ 12ನೆಯ ಶತಮಾನದ ರಾಜಾದಿತ್ಯನು ಕ್ಷೇತ್ರಗಣಿತವನ್ನು ಬರೆದಿರುವನು. ಆದುದರಿಂದ ಈ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ.

ಇಲ್ಲಿನ ಉದಾಹರಣೆಗಳಲ್ಲಿ 33 ಅಡಿಯನ್ನು ಒಂದು ಸರಪಳಿಯೆಂದು ಎಣಿಸಲಾಗಿದೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವು 1,089 ಚದರ ಅಡಿ, ಎಂದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಆದುದರಿಂದ ಸರಪಳಿಗಳಲ್ಲಿ ಅಳೆದು ಗುಣಿಸಿದರೆ ಉತ್ತರವು ಗುಂಟೆಗಳಲ್ಲಿಯೇ ಬರುವುದು. ಮೀಟರಿನಲ್ಲಿ ಅಳೆದರೂ ತತ್ತ್ವವು ಒಂದೇ. ಎಲ್ಲ ಬದಿಗಳನ್ನೂ ಒಂದೇ ಮಾನದಲ್ಲಿ ಅಳೆದಿರಬೇಕು, ಅಷ್ಟೆ.

ನೇರ ಮೂಲೆಯನ್ನು ಕಟ್ಟುವ ಕ್ರಮ: ಬದುವಿನ ಗೆರೆಯ ಮೇಲೆ ಮೂಲೆಯಲ್ಲಿ ಒಂದು ಗೂಟವನ್ನು ನೆಟ್ಟು, ಅಲ್ಲಿಂದ ಗೆರೆಯಗುಂಟ 40 ಅಡಿಯಲ್ಲಿ ಎರಡನೆಯ ಗೂಟವನ್ನು ನೆಡತಕ್ಕದ್ದು. ಮೊದಲನೆಯ ಗೂಟಕ್ಕೆ 30 ಅಡಿಯ ಹಗ್ಗವನ್ನೂ ಎರಡನೆಯದಕ್ಕೆ 50 ಅಡಿಯ ಹಗ್ಗವನ್ನೂ ಕಟ್ಟಿ ಬಿಗಿಯಾಗಿ ಎಳೆದರೆ, ಅವುಗಳ ತುದಿಗಳು ಸೇರುವ ಸ್ಥಳವು ಮೊದಲನೆಯ ಗೂಟಕ್ಕೆ ನೇರ ಮೂಲೆಯಲ್ಲಿರುವುದು. ಹಾಗೆಯೇ ಹಳೆಯ ಮೂಲೆಯನ್ನು ಪರೀಕ್ಷಿಸಬೇಕಾದರೆ, ಒಂದು ಬದುವಿನ ಮೇಲೆ 30 ಅಡಿಯನ್ನೂ ಇನ್ನೊಂದರ ಮೇಲೆ 40 ಅಡಿಯನ್ನೂ ಗುರುತಿಸಿ ಓರೆಯನ್ನು ಅಳೆಯತಕ್ಕದ್ದು. ಅದು 50 ಅಡಿಗಿಂತ ಹೆಚ್ಚಾದರೆ ಮೂಲೆಯು ಅಗಲವಾಗಿದೆ, ಕಡಮೆಯಾದರೆ ಇಕ್ಕಟ್ಟಾಗಿದೆ. 5, 12, 13. 8, 15, 17. 7, 24, 25 ಎಂಬ ಸಂಖ್ಯೆಗಳೂ ಇದೇ ಕೆಲಸಕ್ಕೆ ಬರುವುವು.

ವರ್ಗಮೂಲವು ಪೂರ್ಣಸಂಖ್ಯೆಯಾಗದಿದ್ದಲ್ಲಿ ಹೆದರಬೇಕಾದುದಿಲ್ಲ. 30 ಅಡಿಗೊಂದರಂತೆ ಚೌಕವಾಗಿ ತೆಂಗಿನ ಸಸಿಗಳನ್ನು ನೆಡುವ ತೋಟದಲ್ಲಿ ಓರೆ ಅಂತರವೆಷ್ಟು? 900ಕ್ಕೆ 900ನ್ನು ಕೂಡಿಸಿದರೆ 1,800. 42ರ ವರ್ಗ 1,764, ಉಳಿದುದು 36. ಈ ಶೇಷವನ್ನು 42ರ ಇಮ್ಮಡಿಯಾದ 84ರಿಂದ ಭಾಗಿಸಿದರೆ ಸುಮಾರು 5 ಅಂಗುಲ. ಆದುದರಿಂದ ಓರೆಯ ಅಂತರ 42 ಅಡಿ 5 ಅಂಗುಲ. ಗುಣಿ ತೋಡುವ ಮೊದಲೇ ಇದನ್ನು ಅಳೆದು ನೋಡಿದರೆ ಸಾಲುಗಳು ಸೊಟ್ಟಾಗುವುದಿಲ್ಲ.

ಇನ್ನು ಓರೆ ಹೊಲದ ವಿಚಾರ. ನಾಲ್ಕು ಬದುಗಳೂ 5 ಸರಪಳಿ ಉದ್ದವಾಗಿರುವ ಹೊಲವೊಂದುಂಟೆಂದು ಭಾವಿಸೋಣ. ವಾಡಿಕೆಯ ಲೆಕ್ಕದಂತೆ ಅದು 25 ಗುಂಟೆ. ಎದುರು ಮೂಲೆಗಳ ನಡುವಣ ಎರಡು ಕರ್ಣಗಳನ್ನು ಅಳೆದಾಗ ಒಂದು 6, ಮತ್ತೊಂದು 8 ಸರಪಳಿಯಾದರೆ, ಹೊಲವು 3 ಮತ್ತು 4 ಸರಪಳಿಗಳ ಭುಜಕೋಟಿಗಳುಳ್ಳ ನಾಲ್ಕು ತ್ರಿಕೋಣಗಳಾಗುವುದು. ಒಂದೊಂದರ ವಿಸ್ತೀರ್ಣ 6 ಗುಂಟೆ, ಒಟ್ಟು 24 ಗುಂಟೆ. ಇಲ್ಲಿ ವ್ಯತ್ಯಾಸವು ಒಂದೇ ಗುಂಟೆ. ಆದರೆ ಓರೆಯು ಹೆಚ್ಚಿದಂತೆಲ್ಲ ದೋಷವೂ ಹೆಚ್ಚುವುದು. ಬದುಗಳು 13 ಸರಪಳಿಯಾಗಿದ್ದು ಕರ್ಣಗಳು 10 ಮತ್ತು 24 ಸರಪಳಿಯಾದರೆ, ವಾಡಿಕೆಯ ಲೆಕ್ಕವು 169 ಗುಂಟೆ, ಎಂದರೆ 4 ಎಕರೆ 9 ಗುಂಟೆ ಎಂದು ಹೇಳುವುದು. ನಿಜವಾಗಿ ಇರುವುದು 120 ಗುಂಟೆ, ಎಂದರೆ 3 ಎಕರೆ ಮಾತ್ರ. ಇಬ್ಬರು ಸಹೋದರರಲ್ಲಿ ಒಬ್ಬನಿಗೆ 13 ಸರಪಳಿಯ ಚೌಕ ಹೊಲವೂ ಇನ್ನೊಬ್ಬನಿಗೆ ಇಂಥ ಓರೆ ಹೊಲವೂ ಬಂದರೆ, ಬೇಲಿಯ ಉದ್ದವು ಇಬ್ಬರಿಗೂ ಸಮನಾಗಿದ್ದರೂ ಎರಡನೆಯವನಿಗೆ 1 ಎಕರೆ 9 ಗುಂಟೆ ಕಡಮೆಯಾದಂತಾಯಿತು. ಬದುಗಳನ್ನು ಮಾತ್ರ ಅಳೆದು ಕರ್ಣವನ್ನು ಅಳೆಯದೆ ಬಿಡುವುದು ಎಷ್ಟು ಅನರ್ಥಕರವೆಂಬುದು ಇದರಿಂದ ವ್ಯಕ್ತವಾಗುವುದು.

ಬದುಗಳು ಅಸಮವಾಗಿರುವ ಹೊಲವನ್ನು ಒಂದು ಕರ್ಣದಿಂದ ಎರಡು ತ್ರಿಕೋಣಗಳಾಗಿ ಮಾಡಿಕೊಳ್ಳಬೇಕು. ತ್ರಿಕೋಣದ ಮೂರು ಬದಿಗಳು ತಿಳಿದರೆ ಲಂಬವನ್ನು ಹೊಲದಲ್ಲಿ ಇಳಿಯದೆಯೇ ಕಂಡುಹಿಡಿಯಬಹುದು. ಅತ್ಯಂತ ಉದ್ದವಾದ ಬದಿಯನ್ನು ಭೂಮಿಯಾಗಿ ಇಟ್ಟುಕೊಳ್ಳುವುದು ಅನುಕೂಲವಾದರೂ, ಸುಲಭದ ಲೆಕ್ಕಕ್ಕಾಗಿ 13, 14, 15 ಸರಪಳಿಗಳ ತ್ರಿಕೋಣದಲ್ಲಿ 14ನ್ನೇ ಭೂಮಿಯೆಂದಿಟ್ಟುಕೊಳ್ಳೋಣ. ಉಳಿದೆರಡು ಬದಿಗಳ ವರ್ಗಗಳು 225 ಮತ್ತು 169, ವ್ಯತ್ಯಾಸ 56, ಇದನ್ನು ಭೂಮಿಯಾದ 14ರಿಂದ ಭಾಗಿಸಿದರೆ 4. ಈ 4ನ್ನು 14ರಿಂದ ಕಳೆದು ಅರ್ಧಮಾಡಿದರೆ 5. ಕೂಡಿಸಿ ಅರ್ಧಮಾಡಿದರೆ 9. ಲಂಬವು ಭೂಮಿಯನ್ನು ಹೀಗೆ 5 ಮತ್ತು 9 ಎಂದು ಭಾಗಿಸುವುದು. 13ರ ವರ್ಗವಾದ 169ರಲ್ಲಿ 5ರ ವರ್ಗವಾದ 25ನ್ನು ಕಳೆದರೆ 144. ಆದುದರಿಂದ ಲಂಬ 12. ಭೂಮಿಯ ಅರ್ಧವಾದ 7ನ್ನು 12ರಿಂದ ಗುಣಿಸಿದರೆ 84 ಗುಂಟೆ, ಎಂದರೆ 2 ಎಕರೆ 4 ಗುಂಟೆ.

ಮಲೆನಾಡಿನ ಇಳಿಜಾರು ಜಮೀನಿನಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ದಾಖಲೆಯಲ್ಲಿರುವ ವಿಸ್ತೀರ್ಣವು ಮಟ್ಟಸವಾದ ಅಳತೆಯದು. ಇಳಿಜಾರಿನ ಮೈಮೇಲೆ ಎಳೆದ ಟೇಪು ಕರ್ಣವನ್ನು ತೋರಿಸುವುದೇ ಹೊರತು ಭುಜವನ್ನಲ್ಲ. ಇಳಿಜಾರಿನಲ್ಲಿ 65 ಅಡಿ ಅಳೆದಾಗ ನೆಲವು 16 ಅಡಿ ಏರಿದ್ದರೆ, 4,225ರಲ್ಲಿ 256ನ್ನು ಕಳೆದು 3,969. ಇದರ ಮೂಲ 63. ಅಂತು 65 ಅಡಿಗೆ 2 ಅಡಿ, 650 ಅಡಿಗೆ 20 ಅಡಿ ಹೆಚ್ಚು ಬಂದಂತಾಗುವುದು. ಏರಿಕೆಯು 100 ಅಡಿಗೆ 5 ಅಡಿಯಷ್ಟೇ ಆದರೆ ವ್ಯತ್ಯಾಸವು ಒಂದೂವರೆ ಅಂಗುಲ ಮಾತ್ರ. ಅದನ್ನು ಗಣನೆಗೆ ತರಬೇಕಾದುದಿಲ್ಲ. ಕಡಿದಾದ ಕಡೆಗಳಲ್ಲಿ ಟೇಪನ್ನು ಸ್ವಲ್ಪಸ್ವಲ್ಪವಾಗಿ ಮಟ್ಟಸವಾಗಿ ಹಿಡಿದು, ತೂಗುಗುಂಡನ್ನು ಬಿಟ್ಟು ಮೆಟ್ಟಿಲುಮೆಟ್ಟಿಲಾಗಿ ಅಳೆಯುವುದು ಉತ್ತಮ.

ಇಂಥ ಅಳತೆಯು ಸರ್ಕಾರದ ಮೋಜಣಿಗೆ ಬದಲಾಗಲಾರದು; ಗಡಿಯನ್ನು ನಿರ್ಣಯಿಸುವ ಅಧಿಕಾರವು ಮೋಜಣಿ ಇಲಾಖೆಯದೇ. ಆದರೆ ಪತ್ರವನ್ನು ಬರೆಯಿಸುವ ಮೊದಲು ಮುಖಂಡರೂ ಜಮೀನ್ದಾರರೂ ಉಭಯ ಪಕ್ಷದವರ ಎದುರಿನಲ್ಲಿ ನಾಲ್ಕು ಬದುಗಳನ್ನೂ ಒಂದು ಕರ್ಣವನ್ನೂ ಅಳೆದು, ಆ ಐದು ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸಿ ಇಟ್ಟರೆ, ಹೊಲದ ಆಕಾರವು ಸಂದೇಹವಿಲ್ಲದೆ ನಿರ್ಧಾರವಾಗುವುದು. ನಾಲ್ಕು ಬದುಗಳ ಅಳತೆಯೊಂದರಿಂದಲೇ ಅದು ನಿರ್ಧಾರವಾಗುವುದಿಲ್ಲ. ಎರಡನೆಯ ಕರ್ಣವನ್ನೂ ಅಳೆದಿಟ್ಟರೆ ಮೊದಲಿನ ಅಳತೆಗಳು ಸರಿಯೋ ತಪ್ಪೋ ಎಂಬುದಕ್ಕೆ ಅದೇ ಸಾಕ್ಷಿಯಾಗುವುದು. ಅರ್ಧ ಗಂಟೆಯ ಈ ಶ್ರಮದಿಂದ ವರುಷಗಟ್ಟಲೆ ನಡೆಯಬಹುದಾದ ವ್ಯಾಜ್ಯವೂ ಅದರ ವೆಚ್ಚವೂ ತಪ್ಪುವುವು.