ಯಾರಿಗೆ ಯಾವ ರೆಕ್ಕೆ?

2011ರ ಜುಲೈನಲ್ಲಿ ಸ್ಪೇನ್‌ನ ಪಿಯೆದ್ರಾಯಿತಾದಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವ ಚಾಂಪಿಯನ್‌ಷಿಪ್ ನಡೆದಿತ್ತು. ಬಂದವರೆಲ್ಲ ಪಳಗಿದ ಪೈಲಟ್‌ಗಳು. ಹಲವರ ನೆತ್ತಿಯ ಮೇಲಿದ್ದದ್ದು ‘ಓಪನ್ ಕ್ಲಾಸ್’ ರೆಕ್ಕೆ. ಅದು ಎಷ್ಟು ಭಾರ ತಡೆಯುತ್ತದೆ ಎಂದು ನೋಡುತ್ತಿದ್ದರು; ಗಾಳಿಯಲ್ಲಿ ಮಡಚಿಕೊಂಡರೆ ಹೇಗೆ ವರ್ತಿಸುತ್ತದೆ ಎಂಬ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. ಇಬ್ಬರು ಪೈಲಟ್‌ಗಳು ಜೀವ ಕಳೆದುಕೊಂಡರು. ಸ್ಪರ್ಧೆ ಅಲ್ಲಿಗೇ ನಿಂತಿತು, ಓಪನ್ ಕ್ಲಾಸ್‌ ರೆಕ್ಕೆಗಳಿಗೆ ವಿಶ್ವ ಮಟ್ಟದ ಸ್ಪರ್ಧೆಗಳ ಬಾಗಿಲು ಮುಚ್ಚಿತು.

ಪ್ಯಾರಾಗ್ಲೈಡರ್‌ಗೆ ಚೌಕಟ್ಟಿಲ್ಲ. ಮುಂಭಾಗದ ಬಾಯಿಗಳಿಂದ ನುಗ್ಗುವ ಗಾಳಿಯೇ ಬಟ್ಟೆಗೆ ಆಕಾರ ಕೊಡುತ್ತದೆ. ಬಿರುಸಾಗಿ ಮೇಲೇರುವ ಬಿಸಿಗಾಳಿ, ಅಂದರೆ ಥರ್ಮಲ್‌ನ ಅಂಚಿನಲ್ಲಿ ಅದು ಒಂದು ಕಡೆ ಕುಸಿಯಬಹುದು. ಪೈಲಟ್‌ಗಳ ಮಾತಿನಲ್ಲಿ ‘ಕೊಲ್ಯಾಪ್ಸ್’. ಉದ್ದನೆಯ, ಕಿರಿದಾದ ರೆಕ್ಕೆ ದೂರ ಹಾರುತ್ತದೆ ನಿಜ. ಆದರೆ ಕುಸಿದಾಗ ತುದಿ ದಾರಗಳಿಗೆ ಸಿಕ್ಕಿಕೊಂಡು ಇಡೀ ಗ್ಲೈಡರ್ ಗಿರಗಿರನೆ ಸುತ್ತುವ ಭಯವೂ ಅದಕ್ಕೇ ಹೆಚ್ಚು.

ಯುರೋಪಿನ ಇಎನ್ 926 ಮಾನದಂಡ ರೆಕ್ಕೆಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತದೆ; ಎ ಅತಿ ಸೌಮ್ಯ, ಡಿ ಅತಿ ಚುರುಕು. ಸ್ವಿಟ್ಜರ್ಲೆಂಡಿನಲ್ಲಿ ಜಿನೀವಾ ಸರೋವರದ ಮೇಲೆ ಪರೀಕ್ಷಾ ಪೈಲಟ್ ಬೇಕೆಂದೇ ಮುಂದಿನ ದಾರಗಳನ್ನು ಎಳೆದು ಅರ್ಧ, ಮುಕ್ಕಾಲು ರೆಕ್ಕೆಯನ್ನು ಮಡಚುತ್ತಾನೆ. ಗ್ಲೈಡರ್ ಎಷ್ಟು ತಿರುಗಿತು, ಎಷ್ಟು ಮುಗ್ಗರಿಸಿತು, ತಾನಾಗಿಯೇ ತೆರೆದುಕೊಂಡಿತೇ ಎಂದು ದಾಖಲಿಸುತ್ತಾರೆ. ಉಳಿದೆಲ್ಲದರಲ್ಲೂ ಎ ಬಂದು ಒಂದರಲ್ಲಿ ಸಿ ಬಂದರೆ ಇಡೀ ರೆಕ್ಕೆ ಸಿ. ಆದರೆ ಪರೀಕ್ಷೆ ನಡೆಯುವುದು ಶಾಂತ ಗಾಳಿಯಲ್ಲಿ, ನುರಿತ ಕೈಯಲ್ಲಿ.

ಗೋಜಲಿರುವುದು ಬಿ ವರ್ಗದಲ್ಲಿ. ಕಲಿತು ಮುಗಿಸಿದವರಿಗೆ ಒಗ್ಗುವ ಸೌಮ್ಯ ರೆಕ್ಕೆಯೂ ಬಿ, ಸಿ ವರ್ಗಕ್ಕೆ ಭುಜ ತಾಗಿಸಿ ನಿಂತ ಚುರುಕಿನ ರೆಕ್ಕೆಯೂ ಬಿ. ‘ಲೋ ಬಿ’, ‘ಹೈ ಬಿ’ ಎನ್ನುವುದು ಪೈಲಟ್‌ಗಳ, ಮಾರಾಟಗಾರರ ಮಾತು. ಮಾನದಂಡದಲ್ಲಿ ಅಂಥ ಗೆರೆಯಿಲ್ಲ.

ತೂಕದ್ದು ಇನ್ನೊಂದು ತಕರಾರು. 70 ಕೆ.ಜಿ. ಮನುಷ್ಯ ಹಾರ್ನೆಸ್, ರಿಸರ್ವ್ ಪ್ಯಾರಾಚೂಟ್, ಹೆಲ್ಮೆಟ್, ನೀರು, ರೆಕ್ಕೆ ಎಲ್ಲ ಸೇರಿಸಿಕೊಂಡರೆ 90ರ ಹತ್ತಿರ ಬರುತ್ತಾನೆ. ಲೇಬಲ್‌ನಲ್ಲಿ ಸಾಮಾನ್ಯವಾಗಿ ಬರೆದಿರುವುದು ಈ ಒಟ್ಟು ತೂಕದ ಮಿತಿ. ಭಾರ ಕಡಿಮೆಯಾದರೆ ರೆಕ್ಕೆ ಬೇಗ ಕುಸಿಯುತ್ತದೆ, ಹೆಚ್ಚಾದರೆ ಕುಸಿದಾಗಿನ ಹೊಡೆತ ಜೋರು. ಅಗ್ಗಕ್ಕೆ ಸಿಕ್ಕಿತೆಂದು ಗೆಳೆಯನ ಹಳೆಯ ಸಿ ರೆಕ್ಕೆ ಕೊಳ್ಳುವವರು ವರ್ಗ, ತೂಕ ಎರಡನ್ನೂ ಒಟ್ಟಿಗೆ ಮರೆಯುತ್ತಾರೆ.

ಹಿಮಾಚಲದ ಬೀರ್-ಬಿಲ್ಲಿಂಗ್‌ನಲ್ಲಿ ಸುಮಾರು 2,400 ಮೀಟರ್ ಎತ್ತರದಿಂದ ಜಿಗಿಯುವ ಹೊಸಬರಿಗೆ ಇದು ಬರೀ ಪುಸ್ತಕದ ವಿಷಯವಲ್ಲ. ಅಕ್ಟೋಬರ್ ಮಧ್ಯಾಹ್ನದ ಧೌಲಾಧಾರ್ ಪರ್ವತಸಾಲಿನ ಥರ್ಮಲ್, ಬಯಲಿನ ಗುಡ್ಡದಲ್ಲಿ ಬೆಳಗಿನ ತಂಪಿನಲ್ಲಿ ಕಲಿತದ್ದಕ್ಕೆ ಸೊಪ್ಪು ಹಾಕುವುದಿಲ್ಲ. ಅನುಭವಿಗಳು ವರ್ಗ ಏರುವ ಮೊದಲು ನೀರಿನ ಮೇಲೆ ನಡೆಯುವ ಎಸ್‌ಐವಿ ತರಬೇತಿಯಲ್ಲಿ ಕೊಲ್ಯಾಪ್ಸ್, ರೆಕ್ಕೆಯ ಎತ್ತುವ ಬಲ ತಪ್ಪುವ ಸ್ಟಾಲ್‌ಗಳನ್ನು ಎದುರಿಸಿ ನೋಡುತ್ತಾರೆ. ಹಾರಾಟದ ಗಂಟೆಗಳು ಕಡಿಮೆಯಾದ ವರ್ಷ ಸಿ ಬಿಟ್ಟು ಬಿಗೆ ಇಳಿಯುವವರೂ ಇದ್ದಾರೆ. ಟೇಕಾಫ್ ಬಯಲಿನಲ್ಲಿ ಅವರನ್ನು ಯಾರೂ ಆಡಿಕೊಳ್ಳುವುದಿಲ್ಲ.